ಮನೋನಕ್ಷೆಯೂ ದೂರವಾಣಿಯ ಸ್ಪರ್ಧೆಯೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನು ಆಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದಾಗ, ನಾವು ಪಂಪನನ್ನೋ ಕುಮಾರವ್ಯಾಸನನ್ನೋ ಎತ್ತಿಕೊಳ್ಳುವೆವೆಂದು ಅವರು ಎಣಿಸಿದ್ದರು. ವಿಷಯದ ಹೆಸರನ್ನು ಬರೆದು ಕಳುಹಿಸಿದ ಮೇಲೆ, "ಮೇಷ್ಟ್ರೇ, ತಾವು ಟೆಲಿಫೋನ್ ಕಂಪೆನಿಯ ವಿಚಾರ ಮಾತನಾಡುವುದೇ?" ಎಂದು ಮತ್ತೊಮ್ಮೆ ವಿಚಾರಿಸಿದರು. ಅವರ ಆಶ್ಚರ್ಯ ನ್ಯಾಯವಾದುದೇ. ವ್ಯಾಕರಣ ಹೇಳುವವರಿಗೆ ವ್ಯಾಪಾರದ ಸುದ್ದಿ ಏತಕ್ಕೆ? ಆದರೆ ಗಡಿಯಲ್ಲಿ ಬಾಳುವ ನಮ್ಮಂಥವರಿಗೆ ದೂರವಾಣಿಯು ಬರಿಯ ವ್ಯಾಪಾರದ ವಸ್ತುವಲ್ಲ. ಗುಂಡ್ಲುಪೇಟೆಯಲ್ಲಿರುವ ತವರಿಗೂ ಮೈಸೂರಿನಲ್ಲಿ ಓದುವ ಮಗನಿಗೂ ಗೂಡಲೂರಿನ ಮನೆಗೂ ನಡುವೆ ಕನ್ನಡದ ಮಾತು ದಿನವೂ ಹರಿದುಬರುವ ಕಾಲುವೆ ಅದೇ. ಆ ಕಾಲುವೆಯನ್ನು ತೋಡಿದವರು ಏನೆಂದು ಆಲೋಚಿಸಿ ತೋಡಿದರು, ಅವರ ಆಲೋಚನೆಯಲ್ಲಿ ನಾವು ಇದ್ದೆವೋ ಇಲ್ಲವೋ ಎಂಬುದನ್ನು ತಿಳಿಯುವುದು ನಮಗೆ ಅವಶ್ಯವಾದ ಸಂಗತಿಯೇ ಸರಿ.

ಒಂದು ಅನುಭವದಿಂದ ಪ್ರಾರಂಭಿಸೋಣ. ನಮ್ಮ ಜಿಲ್ಲೆಯು ಮೂರು ರಾಜ್ಯಗಳು ಕೂಡುವ ಎಡೆ. ಪಂದಲೂರಿನ ಅಂಚಿನಲ್ಲಿ ನಿಂತರೆ ಫೋನು ಕೇರಳದ ಟವರನ್ನು ಹಿಡಿಯುತ್ತದೆ. ತೆಪ್ಪಕಾಡನ್ನು ದಾಟಿ ಬಂಡೀಪುರದ ಕಡೆಗೆ ಹೊರಟರೆ ಕರ್ನಾಟಕದ್ದನ್ನು ಹಿಡಿಯುತ್ತದೆ. ಕೆಲವು ವರ್ಷಗಳ ಹಿಂದೆ ಇದು ತಮಾಷೆಯ ಮಾತಾಗಿರಲಿಲ್ಲ. ನಾವು ನಮ್ಮ ಜಗುಲಿಯಲ್ಲೇ ಕುಳಿತಿದ್ದರೂ ಫೋನು ಗಡಿ ದಾಟಿತೆಂದು ಲೆಕ್ಕವಾಗಿ, ಬಂದ ಕರೆಗೂ ನಮ್ಮ ಕೈಯಿಂದಲೇ ಹಣ ಕಡಿತವಾಗುತ್ತಿತ್ತು. ಕಂಪೆನಿಯ ಕಚೇರಿಗೆ ದೂರು ಹೇಳಿದರೆ, "ತಾವು ಹೊರರಾಜ್ಯದಲ್ಲಿ ಇದ್ದಿರಿ" ಎಂಬ ಉತ್ತರ ಬಂತು. ಉತ್ತರ ಹೇಳಿದವರು ಸುಳ್ಳಾಡಲಿಲ್ಲ. ಅವರ ನಕ್ಷೆಯಲ್ಲಿ ಹಾಗೆಯೇ ಇತ್ತು. ನೆಲದ ಮೇಲೆ ನಾವಿದ್ದ ಸ್ಥಳ ಒಂದು, ಅವರ ಮನಸ್ಸಿನ ಭೂಪಟದಲ್ಲಿ ನಾವಿದ್ದ ಸ್ಥಳ ಇನ್ನೊಂದು. ಈ ಎರಡನೆಯ ಭೂಪಟವನ್ನೇ ಇಂದಿನ ನಮ್ಮ ಭಾಷಣದ ವಸ್ತುವನ್ನಾಗಿ ಮಾಡಿಕೊಂಡಿದ್ದೇವೆ. ಇದನ್ನು ನಾವು ಮನೋನಕ್ಷೆ ಎಂದು ಕರೆಯುತ್ತೇವೆ.

ಮನೋನಕ್ಷೆ ಎಂದರೇನು? ಮುದುಮಲೆಯ ಕಾಡಿನಲ್ಲಿ ಆನೆಯ ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗೆ ಬೇಸಗೆಯಲ್ಲಿ ನೀರು ಎಲ್ಲಿ ಉಳಿದಿರುತ್ತದೆ, ಯಾವ ಇಳಿಜಾರಿನಲ್ಲಿ ಮೋಯಾರಿಗೆ ಹೋಗಬಹುದು ಎಂಬುದು ನೆನಪಿರುತ್ತದೆ. ಕಾಗದವಿಲ್ಲ, ರೇಖೆಯಿಲ್ಲ, ಆದರೂ ದಾರಿ ತಲೆಯೊಳಗಿದೆ. ಆ ದಾರಿಯಲ್ಲಿ ಯಾರೋ ಬೇಲಿ ಹಾಕಿಬಿಟ್ಟರೆ ಏನಾಗುವುದೆಂಬುದನ್ನು ಮಸಿನಗುಡಿಯವರಿಗೆ ನಾವು ಹೇಳಬೇಕಾಗಿಲ್ಲ. ಸೀಗೂರು ಪ್ರಸ್ಥಭೂಮಿಯ ಆನೆದಾರಿಯ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2020ರ ಅಕ್ಟೋಬರಿನಲ್ಲಿ ತೀರ್ಪಾದುದನ್ನು ತಾವೆಲ್ಲರೂ ಬಲ್ಲಿರಿ. ಪ್ರಾಣಿಗಳ ತಲೆಯೊಳಗೂ ಇಂಥ ನಕ್ಷೆಯಿರುತ್ತದೆಂದು 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ ಎಂಬಾತನು ಇಲಿಗಳನ್ನು ಪರೀಕ್ಷಿಸಿ ಪ್ರತಿಪಾದಿಸಿದನು. ಇಲಿಯು ಅಭ್ಯಾಸಬಲದಿಂದ ಮಾತ್ರ ಓಡುವುದಿಲ್ಲ, ಸ್ಥಳದ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ನಡೆಯುತ್ತದೆ ಎಂಬುದು ಅವನ ವಾದ.

ಮನುಷ್ಯನಿಗಾದರೋ ದಾರಿಯ ನಕ್ಷೆಯಲ್ಲದೆ ಇನ್ನೊಂದು ಬಗೆಯ ನಕ್ಷೆಯೂ ಇದೆ. ಇದು ಮಾಡಿದರೆ ಅದು ಆಗುತ್ತದೆ, ಅದಾದರೆ ಮತ್ತೊಂದು ಕೆಡುತ್ತದೆ ಎಂಬ ಕಾರ್ಯಕಾರಣಗಳ ನಕ್ಷೆ ಅದು. ಪ್ರತಿಯೊಬ್ಬನೂ ತನ್ನ ಲೋಕವನ್ನು ತನ್ನದೇ ಆದ ಕಲ್ಪನೆಗಳಿಂದ ಅಳೆಯುತ್ತಾನೆಂದು ಜಾರ್ಜ್ ಕೆಲ್ಲಿ 1955ರಲ್ಲಿ ಸಿದ್ಧಾಂತ ಕಟ್ಟಿದನು. ರಾಜ್ಯನಾಯಕರ ನಿರ್ಣಯಗಳ ಹಿಂದಿರುವ ಇಂಥ ಕಾರಣಜಾಲಗಳನ್ನು ಬಾಣದ ಗುರುತುಗಳಿಂದ ಬರೆದು ತೋರಿಸಿದ ಗ್ರಂಥವೊಂದನ್ನು ರಾಬರ್ಟ್ ಆಕ್ಸೆಲ್‌ರಾಡ್ 1976ರಲ್ಲಿ ಪ್ರಕಟಿಸಿದನು. ಕೆಲ್ಲಿಯ ತತ್ತ್ವವನ್ನು ಆಧರಿಸಿ, ಸಂಸ್ಥೆಗಳ ಆಡಳಿತಕ್ಕೆ ಈ ವಿಧಾನವನ್ನು ಹೊಂದಿಸಿ ಬೆಳೆಸಿದವರಲ್ಲಿ ಬ್ರಿಟನ್ನಿನ ಕಾಲಿನ್ ಈಡನ್ ಮುಖ್ಯನಾದವನು.

ಈಗ ವಿಧಾನವನ್ನು ಹೇಳುತ್ತೇವೆ. ನಮ್ಮ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯಬೇಕು, ಏಕೆಂದರೆ ಷಟ್ಪದಿಗೆ ಅನ್ವಯ ಮಾಡುವ ಕ್ರಮಕ್ಕೆ ಇದು ಸಮೀಪವಾಗಿದೆ. ಕವಿಯು ಪದಗಳನ್ನು ಛಂದಸ್ಸಿಗೆ ತಕ್ಕಂತೆ ಹಿಂದುಮುಂದಾಗಿ ಇಟ್ಟಿರುತ್ತಾನೆ. ನಾವು ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಏತಕ್ಕಾಗಿ, ಹೇಗೆ ಎಂದು ಕೇಳುತ್ತ ಹೋದರೆ ಚೆದರಿದ ಪದಗಳು ಒಂದಕ್ಕೊಂದು ಸೇರಿ ಅರ್ಥವಾಗುತ್ತವೆ. ಮನುಷ್ಯನ ಮಾತೂ ಹಾಗೆಯೇ ಚೆದರಿರುತ್ತದೆ. ಕಂಪೆನಿಯ ಒಬ್ಬ ಅಧಿಕಾರಿಯನ್ನು ಕೂರಿಸಿಕೊಂಡು ಅವನ ಚಿಂತೆಯನ್ನು ಕೇಳಬೇಕು. ಅವನಾಡುವ ಒಂದೊಂದು ಮಾತನ್ನೂ ಏಳೆಂಟು ಪದಗಳೊಳಗೆ, ಅವನ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಅನಂತರ, "ಇದು ಏಕೆ ಮುಖ್ಯ?" ಎಂದು ಕೇಳಿದರೆ ಮೇಲಿನ ಮಾತು ದೊರೆಯುತ್ತದೆ, "ಇದನ್ನು ಹೇಗೆ ಸಾಧಿಸುವಿರಿ?" ಎಂದು ಕೇಳಿದರೆ ಕೆಳಗಿನ ಮಾತು ದೊರೆಯುತ್ತದೆ. ಕಾರಣದಿಂದ ಕಾರ್ಯಕ್ಕೆ ಬಾಣವನ್ನು ಎಳೆಯಬೇಕು. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವಂತಿದ್ದರೆ ಬಾಣದ ತುದಿಗೆ ಋಣಚಿಹ್ನೆಯನ್ನು ಹಾಕಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಒಂದು ಮಾತಿನ ಅರ್ಥವು ಅದರ ಎದುರು ಮಾತಿನಿಂದ ನಿಶ್ಚಯವಾಗುತ್ತದೆ. "ಅಗ್ಗದ ಸೇವೆ" ಎಂದರೆ ಒಬ್ಬನ ಮನಸ್ಸಿನಲ್ಲಿ ಅದರ ಎದುರು "ದುಬಾರಿ ಸೇವೆ", ಇನ್ನೊಬ್ಬನ ಮನಸ್ಸಿನಲ್ಲಿ "ನೆಚ್ಚಬಹುದಾದ ಸೇವೆ". ಆದುದರಿಂದ, "ಇದು ಬೇಕು, ಯಾವುದರ ಬದಲಾಗಿ?" ಎಂದೂ ಕೇಳಬೇಕು.

ಹೀಗೆ ಬರೆದಾಗ ಕಂಪೆನಿಯ ಗುರಿಗಳು ಮೇಲೆ, ಗುರಿಗೆ ಒಯ್ಯುವ ತಂತ್ರಗಳು ನಡುವೆ, ದಿನನಿತ್ಯದ ಕೆಲಸಗಳು ಕೆಳಗೆ ನಿಲ್ಲುತ್ತವೆ. ಅತಿ ಹೆಚ್ಚು ಬಾಣಗಳು ಬಂದು ಸೇರುವ, ಅತಿ ಹೆಚ್ಚು ಬಾಣಗಳು ಹೊರಡುವ ಮಾತೇ ಅವರ ಚಿಂತೆಯ ಗಂಟು. ಹತ್ತು ಜನರ ನಕ್ಷೆಗಳನ್ನು ಬೇರೆ ಬೇರೆಯಾಗಿ ಬರೆದು, ಆಮೇಲೆ ಎಲ್ಲರೆದುರಿಗೆ ಒಂದೇ ಹಾಳೆಯಲ್ಲಿ ಕೂಡಿಸುವುದು ಕೊನೆಯ ಹಂತ. ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ.

ಮಂತ್ರಾಲೋಚನೆಯ ಈ ಮಹಿಮೆಯು ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರಸನು ಒಬ್ಬನೇ ಮಂತ್ರಿಯನ್ನು ನೆಚ್ಚಬಾರದು, ಮೂವರು ನಾಲ್ವರೊಡನೆ ವಿಚಾರ ಮಾಡಬೇಕು ಎಂಬ ಅಭಿಪ್ರಾಯವಿದೆ. ಚಿಕ್ಕವರ ಅಭಿಪ್ರಾಯಕ್ಕೂ ಅಲ್ಲಿ ಬೆಲೆಯುಂಟು. ಹೊಸಬರು ಅದಕ್ಕೆ ಹಾಳೆಯನ್ನೂ ಬಾಣವನ್ನೂ ಸೇರಿಸಿದ್ದಾರೆ.

ಇನ್ನು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ಬೆಟ್ಟಗಳಲ್ಲಿ ಸೇವೆ ನೀಡುವ ಒಂದು ದೂರವಾಣಿ ಕಂಪೆನಿ ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ ಹೆಸರು ಬೇಡ. ಅದರ ಲೆಕ್ಕದ ಅಧಿಕಾರಿಯನ್ನು ಕೇಳಿದರೆ, "ಗುಡ್ಡದ ಟವರುಗಳಿಗೆ ಡೀಸೆಲ್ ಖರ್ಚು ವಿಪರೀತ, ಅದನ್ನು ಕಡಿದರೆ ಲಾಭ" ಎನ್ನುತ್ತಾನೆ. ಅವನ ನಕ್ಷೆಯಲ್ಲಿ ಎರಡೇ ಬಾಣಗಳು. ಎಂಜಿನಿಯರನು, "ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ, ಡೀಸೆಲ್ ಇಲ್ಲದಿದ್ದರೆ ಬ್ಯಾಟರಿ ಕೆಲವು ಗಂಟೆ ಮಾತ್ರ, ಆಮೇಲೆ ಟವರು ನಿಲ್ಲುತ್ತದೆ" ಎನ್ನುತ್ತಾನೆ. ಅವನ ನಕ್ಷೆ ಅಲ್ಲಿಗೆ ಮುಗಿಯಿತು. ಮಾರಾಟದ ಅಧಿಕಾರಿಯು, "ದರ ಇಳಿಸಿದರೆ ಗಿರಾಕಿಗಳು ಬರುತ್ತಾರೆ" ಎನ್ನುತ್ತಾನೆ. ಪೇಟೆಬೀದಿಯಲ್ಲಿ ರೀಚಾರ್ಜ್ ಮಾಡಿಕೊಡುವ ಅಂಗಡಿಯವರನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೆ ಅವರು ಹೇಳುವುದೇನು? "ಸ್ವಾಮಿ, ಮಳೆಯ ರಾತ್ರಿ ಆಸ್ಪತ್ರೆಗೆ ಫೋನು ಹೋಗದಿದ್ದರೆ, ಬೆಳಗಾದ ಮೇಲೆ ಆ ಮನೆಯ ಒಬ್ಬರಲ್ಲ, ಅಷ್ಟು ಜನರೂ ಬಂದು ಸಿಮ್ ಬದಲಿಸುತ್ತಾರೆ. ನೆಂಟರಿಗೂ ಹೇಳುತ್ತಾರೆ."

ಈ ನಾಲ್ವರ ಮಾತುಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿ ನೋಡಿ. ಡೀಸೆಲ್ ಕಡಿತದಿಂದ ಟವರು ನಿಲ್ಲುತ್ತದೆ. ಟವರು ನಿಂತರೆ ಮನೆಮಂದಿಯೆಲ್ಲ ಬಿಟ್ಟು ಹೋಗುತ್ತಾರೆ. ಅವರು ಹೋದರೆ ವರಮಾನ ಇಳಿಯುತ್ತದೆ. ವರಮಾನ ಇಳಿದುದನ್ನು ಕಂಡು ಲೆಕ್ಕದ ಅಧಿಕಾರಿಯು ಮತ್ತೆ ಡೀಸೆಲ್ ಕಡಿಯುತ್ತಾನೆ. ಬಾಣಗಳು ಸುತ್ತಿ ಹೊರಟಲ್ಲಿಗೇ ಬಂದವು. ಇದೊಂದು ವಿಷಚಕ್ರ. ನಾಲ್ವರಲ್ಲಿ ಒಬ್ಬನೂ ದಡ್ಡನಲ್ಲ, ಒಬ್ಬನೂ ಕೆಟ್ಟವನಲ್ಲ. ಪ್ರತಿಯೊಬ್ಬನ ಕೈಯಲ್ಲಿಯೂ ಚಕ್ರದ ಒಂದೊಂದು ಅರೆಕಾಲು ಮಾತ್ರ ಇತ್ತು. ಪೂರ್ತಿ ಚಕ್ರವು ಕಂಡುದು ಹಾಳೆಯ ಮೇಲೆ. ಕಂಡ ಮೇಲೆ ತಂತ್ರವೂ ಹೊಳೆಯುತ್ತದೆ. ಎಲ್ಲರೂ ದರ ಇಳಿಸುವ ಸ್ಪರ್ಧೆಯಲ್ಲಿರುವಾಗ, ಬೆಟ್ಟದ ಜನ ಬೆಲೆಗಿಂತ ಹೆಚ್ಚಾಗಿ ಬಯಸುವುದು ಮಳೆಗಾಲದಲ್ಲಿಯೂ ನಿಲ್ಲದ ಫೋನನ್ನು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮೀರಿ ಮಳೆ ಸುರಿದುದನ್ನು ನೆನೆದವರಿಗೆ ಇದರ ಬೆಲೆ ತಿಳಿಯುತ್ತದೆ. ಆ ಡೀಸೆಲ್ಲನ್ನು ಖರ್ಚಿನ ಪಟ್ಟಿಯಿಂದ ತೆಗೆದು ಬಂಡವಾಳದ ಪಟ್ಟಿಗೆ ಸೇರಿಸುವ ಕಂಪೆನಿಯು ಗೆಲ್ಲುವ ಸಂಭವ ಹೆಚ್ಚು.

ಇದು ಕಲ್ಪನೆಯಾಯಿತು. ಈಗ ನಡೆದ ಚರಿತ್ರೆಯನ್ನು ನೋಡೋಣ. ಟೋಲ್ಮನ್ನನು ಇಲಿಗಳ ವಿಚಾರ ಬರೆದ ಅದೇ 1948ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆಯು ಹುಟ್ಟಿತು. ಐ.ಟಿ.ಐ. ಎಂದು ಹೆಸರಾದ ಇದು ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ಯಮ. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂಬ ಹೆಸರೇ ಬಂತು. ಸಾವಿರಾರು ಕುಟುಂಬಗಳಿಗೆ ಅನ್ನವಿಟ್ಟ ಸಂಸ್ಥೆ ಅದು. ಅದರ ನಿರ್ವಾಹಕರ ಮನೋನಕ್ಷೆಯನ್ನು ಆಗ ಯಾರಾದರೂ ಬರೆದಿಟ್ಟರೆಂದು ನಾವು ಹೇಳುತ್ತಿಲ್ಲ. ನಡೆದ ಸಂಗತಿಗಳಿಂದ ಅದನ್ನು ಊಹಿಸಿ, ವಿಧಾನದ ಅಭ್ಯಾಸಕ್ಕಾಗಿ ಬರೆಯುತ್ತಿದ್ದೇವೆ.

ಮೊದಲು ಬ್ರಿಟನ್ನಿನ ಸ್ಟ್ರೌಜರ್ ಪದ್ಧತಿಯ ಯಂತ್ರಗಳು ಅಲ್ಲಿ ತಯಾರಾದವು. 1960ರ ದಶಕದಲ್ಲಿ ಬೆಲ್ಜಿಯಂ ಕಂಪೆನಿಯೊಂದರ ಸಹಯೋಗದಿಂದ ಕ್ರಾಸ್‌ಬಾರ್ ಎಂಬ ಹೊಸ ಪದ್ಧತಿಯ ವಿನಿಮಯ ಕೇಂದ್ರಗಳು ಬಂದವು. ಯೂರೋಪಿನಲ್ಲಿ ಚೆನ್ನಾಗಿ ನಡೆದ ಯಂತ್ರ ಇಲ್ಲಿಯೂ ನಡೆಯುವುದೆಂಬುದು ಒಂದು ಬಾಣ. ಆ ಬಾಣವು ಗುರಿ ತಪ್ಪಿತು. ಯೂರೋಪಿನಲ್ಲಿ ಒಂದು ಫೋನನ್ನು ಒಂದು ಮನೆಯವರು ಬಳಸುತ್ತಿದ್ದರು. ಇಲ್ಲಿ ಫೋನುಗಳು ವಿರಳವಾದುದರಿಂದ ಒಂದು ಫೋನನ್ನು ಇಡೀ ಬೀದಿಯೇ ಬಳಸುತ್ತಿತ್ತು. ಒಂದೊಂದು ತಂತಿಯ ಮೇಲೂ ಬಿದ್ದ ಕರೆಗಳ ಹೊರೆಯನ್ನು ಯಂತ್ರವು ತಾಳಲಾರದೆ ಹೋಯಿತು. ಈ ಬೀದಿಯ ಸಂಗತಿಯನ್ನು ಬಲ್ಲವರು ದೇಶದಲ್ಲಿ ಕೋಟಿಗಟ್ಟಲೆ ಇದ್ದರು. ಪಕ್ಕದ ಮನೆಗೆ ಹೋಗಿ ಫೋನು ಮಾಡಿ ಬಂದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ನಕ್ಷೆಯಲ್ಲಿ ಮಾತ್ರ ಅದು ಸೇರಿರಲಿಲ್ಲ.

1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಅವರು ಪ್ರಶ್ನೆಯನ್ನು ಬೇರೆ ಕಡೆಯಿಂದ ಎತ್ತಿಕೊಂಡರು. ನಮ್ಮ ಹಳ್ಳಿಯಲ್ಲಿ ಹವಾನಿಯಂತ್ರಣವಿಲ್ಲ, ಧೂಳುಂಟು, ಸೆಖೆಯುಂಟು, ಕರೆಂಟು ನೆಚ್ಚುವಂತಿಲ್ಲ. ಇವೆಲ್ಲವನ್ನೂ ತಾಳುವ ಚಿಕ್ಕ ವಿನಿಮಯ ಕೇಂದ್ರ ಹೇಗಿರಬೇಕು? ಹೀಗೆ ಕೆಳಗಿನಿಂದ ಬರೆದ ನಕ್ಷೆಯ ಫಲವಾಗಿ, 128 ಸಂಪರ್ಕದ ಮೊದಲ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಸ್ಥಾಪಿತವಾಯಿತು. ಎಲ್ಲಿ? ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕನ್ನಡನಾಡಿನ ಈ ಗೌರವವನ್ನು ಎಷ್ಟು ಮಂದಿ ಕನ್ನಡಿಗರು ಬಲ್ಲರೋ ನಾವರಿಯೆವು. ನಮ್ಮ ಮಕ್ಕಳಾದರೂ ಅರಿಯಲಿ. ಅದೇ ಕಾಲದಲ್ಲಿ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ಬೀದಿಬೀದಿಗೆ ಬಂದವು. ಬೀದಿಯವರು ಒಂದೇ ಫೋನನ್ನು ಹಂಚಿಕೊಳ್ಳುವುದು ಹಿಂದಿನ ನಕ್ಷೆಯಲ್ಲಿ ತೊಡಕಾಗಿತ್ತು. ಹೊಸ ನಕ್ಷೆಯಲ್ಲಿ ಅದೇ ಜೀವನೋಪಾಯವಾಯಿತು.

ಐ.ಟಿ.ಐ.ಗೆ ಇನ್ನೊಂದು ಬಾಣವೂ ಇತ್ತು. ನಾವು ತಯಾರಿಸಿದುದನ್ನು ಸರ್ಕಾರದ ದೂರಸಂಪರ್ಕ ಇಲಾಖೆಯು ಕೊಳ್ಳುತ್ತದೆ ಎಂಬುದೇ ಅದು. ನಾಲ್ಕು ದಶಕ ಆ ಬಾಣವು ನೆಟ್ಟಗೆ ಇತ್ತು. 1991ರ ಉದಾರೀಕರಣದೊಡನೆ ವಿನಿಮಯ ಯಂತ್ರಗಳ ತಯಾರಿಕೆಗೆ ಖಾಸಗಿಯವರೂ ವಿದೇಶಿಯರೂ ಬಂದರು. ಅಷ್ಟರಲ್ಲಿ ತಂತಿಯಿಲ್ಲದ ಫೋನು ಬಂತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೇಶದ ಮೊದಲ ಮೊಬೈಲ್ ಕರೆ ಹೊರಟಿತು. ಮನೆಯ ತಂತಿ ಫೋನಿಗೆ ಯಂತ್ರ ಮಾಡುತ್ತಿದ್ದವರಿಗೆ, ತಮ್ಮ ಎದುರಾಳಿಯು ಇನ್ನೊಬ್ಬ ತಂತಿ ಫೋನಿನ ಯಂತ್ರಗಾರನಲ್ಲ, ತಂತಿಯೇ ಇಲ್ಲದ ಫೋನು ಎಂಬುದು ವೇಳೆಗೆ ಸರಿಯಾಗಿ ಕಾಣಲಿಲ್ಲವೆಂದು ತೋರುತ್ತದೆ. ಮುಂದೆ ಆ ಸಂಸ್ಥೆಯು ದೀರ್ಘಕಾಲ ನಷ್ಟವನ್ನು ಅನುಭವಿಸಿತು.

ಎದುರಾಳಿ ಯಾರೆಂಬುದೂ ಮನೋನಕ್ಷೆಯಿಂದಲೇ ನಿಶ್ಚಯವಾಗುತ್ತದೆ. ಉದಕಮಂಡಲದ ಚಳಿಯಲ್ಲಿ ಉಣ್ಣೆಯಂಗಿ ತೊಡುವ ನಮಗೆ ಹಿಡಿಸುವ ಒಂದು ದೃಷ್ಟಾಂತವಿದೆ. ಸ್ಕಾಟ್ಲೆಂಡಿನ ಹಾಯಿಕ್ ಎಂಬ ಊರಿನ ಸುತ್ತಣ ಉಣ್ಣೆಯಂಗಿ ತಯಾರಕರನ್ನು ಕುರಿತು ಪೋರಾಕ್ ಮತ್ತು ಸಂಗಡಿಗರು 1989ರಲ್ಲಿ ಒಂದು ಲೇಖನ ಬರೆದರು. ಲೋಕದಲ್ಲೆಲ್ಲ ಉಣ್ಣೆಯಂಗಿ ಮಾಡುವವರಿದ್ದರೂ ಆ ತಯಾರಕರು ಮುಖ್ಯವಾಗಿ ತಮ್ಮ ನೆರೆಯ ಸ್ಕಾಟಿಷ್ ಕಂಪೆನಿಗಳನ್ನೇ ಪ್ರತಿಸ್ಪರ್ಧಿಗಳೆಂದು ಎಣಿಸುತ್ತಿದ್ದರಂತೆ. ಬಹುಕಾಲ ಒಟ್ಟಿಗೆ ಬಾಳಿದವರು ಒಂದೇ ನಕ್ಷೆಯನ್ನು ನೋಡತೊಡಗುತ್ತಾರೆ. ಆ ನಕ್ಷೆಯ ಅಂಚಿನಾಚೆಯಿಂದ ಬರುವವನು ಕಾಣುವುದಿಲ್ಲ.

ನಮ್ಮ ಮೊಬೈಲ್ ಕಂಪೆನಿಗಳ ಕಥೆಯೂ ಇದನ್ನೇ ಹೇಳುತ್ತದೆ. 1990ರ ದಶಕದ ನಡುವೆ ಸರ್ಕಾರವು ವಲಯವಾರು ಪರವಾನಗಿಗಳನ್ನು ಹರಾಜು ಹಾಕಿದಾಗ ಹಲವರು ದೊಡ್ಡ ಮೊತ್ತಗಳನ್ನು ಕೂಗಿ ಒಳಹೊಕ್ಕರು. ಹೊಕ್ಕ ಮೇಲೆ ಶುಲ್ಕ ಕಟ್ಟಲಾರದೆ ತತ್ತರಿಸಿದರು. ಪದ್ಮವ್ಯೂಹವನ್ನು ಹೊಗಲು ಬಲ್ಲ, ಹೊರಡಲು ಅರಿಯದ ಅಭಿಮನ್ಯುವಿನ ಸ್ಥಿತಿ ಅದು. 1999ರ ಹೊಸ ದೂರಸಂಪರ್ಕ ನೀತಿಯು ನಿಗದಿ ಶುಲ್ಕದ ಬದಲು ವರಮಾನದಲ್ಲಿ ಪಾಲು ಎಂಬ ಕ್ರಮವನ್ನು ತಂದ ಮೇಲೆ ಅವರಿಗೆ ಉಸಿರು ಬಂತು. ಮುಂದೆ ಎಲ್ಲರ ನಕ್ಷೆಯಲ್ಲಿಯೂ ಮಾತೇ ವರಮಾನದ ಮೂಲವಾಗಿತ್ತು. ನಿಮಿಷಕ್ಕೆ ಇಷ್ಟು ಪೈಸೆ ಎಂಬುದರ ಮೇಲೆ ಅವರ ಕಾಳಗವೆಲ್ಲ ನಡೆಯಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು, ಮಾತಿಗೆ ಹಣ ಬೇಡ, ಇಂಟರ್‌ನೆಟ್ಟಿಗೆ ಕೊಡಿ ಎಂದಿತು. ಮಿಕ್ಕವರ ನಕ್ಷೆಯ ಶಿಖರದಲ್ಲಿದ್ದ ಮಾತು ಒಮ್ಮೆಗೇ ತಳಕ್ಕೆ ಬಿತ್ತು. ಅದರ ಬೆನ್ನಿಗೆ ದೊಡ್ಡ ದೊಡ್ಡ ಮೊತ್ತದ ಬಂಡವಾಳವೂ ಇತ್ತೆಂಬುದನ್ನು ಮರೆಯಬಾರದು. ಆದರೆ ಬಂಡವಾಳವು ಯಾವ ಕಡೆಗೆ ಹರಿಯಬೇಕೆಂದು ತೋರಿಸಿದ್ದು ಬೇರೆಯ ನಕ್ಷೆ. ತಮಿಳುನಾಡಿನಲ್ಲಿ ಮನೆಮಾತಾಗಿದ್ದ ಏರ್‌ಸೆಲ್ 2018ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಸಿಗ್ನಲ್ ಇಲ್ಲದ ಫೋನುಗಳನ್ನು ಹಿಡಿದು, ಹಳೆಯ ನಂಬರನ್ನು ಉಳಿಸಿಕೊಳ್ಳಲು ಜನ ಸಾಲುಗಟ್ಟಿ ನಿಂತ ಆ ದಿನಗಳು ಇಲ್ಲಿರುವ ಹಲವರಿಗೆ ನೆನಪಿರಬೇಕು. ಅದೇ ವರ್ಷ ವೊಡಾಫೋನೂ ಐಡಿಯಾವೂ ಒಂದಾದವು. ಹತ್ತಾರು ಕಂಪೆನಿಗಳಿದ್ದ ಕಣದಲ್ಲಿ ಇಂದು ಮೂರು ಖಾಸಗಿ ಕಂಪೆನಿಗಳೂ ಸರ್ಕಾರದ ಬಿ.ಎಸ್.ಎನ್.ಎಲ್. ಸಂಸ್ಥೆಯೂ ಮುಖ್ಯವಾಗಿ ಉಳಿದಿವೆ.

ಇಷ್ಟು ಹೇಳಿದುದರಿಂದ ಮನೋನಕ್ಷೆಯು ಸಕಲ ರೋಗಕ್ಕೂ ಮದ್ದೆಂದು ತಾವು ಭಾವಿಸಕೂಡದು. ಅದರ ದೋಷಗಳನ್ನೂ ಹೇಳಿಬಿಡುತ್ತೇವೆ. ಮೊದಲನೆಯದಾಗಿ, ನಕ್ಷೆಯು ನೆಲವಲ್ಲ. ಬಾಣವು ಒಬ್ಬನ ನಂಬಿಕೆಯನ್ನು ತೋರಿಸುತ್ತದೆಯೇ ಹೊರತು ಆ ನಂಬಿಕೆ ನಿಜವೆಂದು ಸಾಧಿಸುವುದಿಲ್ಲ. ಅದಕ್ಕೆ ಅಂಕಿಅಂಶಗಳ ಪರೀಕ್ಷೆ ಬೇಕು. ಎರಡನೆಯದಾಗಿ, ಮೇಲಧಿಕಾರಿಯು ಎದುರಿಗೆ ಕುಳಿತಿದ್ದರೆ ಕಿರಿಯರು ಅವನಿಗೆ ಹಿತವಾದುದನ್ನೇ ನುಡಿಯುತ್ತಾರೆ. ಆದುದರಿಂದಲೇ ಮೊದಲು ಒಬ್ಬೊಬ್ಬರನ್ನು ಪ್ರತ್ಯೇಕವಾಗಿ ಕೇಳುವುದು, ಕೂಡಿಸುವಾಗ ಮಾತಿನ ಮುಂದೆ ಹೆಸರನ್ನು ಬರೆಯದಿರುವುದು. ಮೂರನೆಯದಾಗಿ, ಒಮ್ಮೆ ಬರೆದು ಗೋಡೆಗೆ ತೂಗುಹಾಕಿದ ನಕ್ಷೆಯು ಬೇಗನೆ ಹಳತಾಗುತ್ತದೆ. ಪಂಚಾಂಗದಂತೆ ಅದನ್ನು ವರ್ಷವರ್ಷವೂ ಹೊಸದಾಗಿ ಬರೆಯಬೇಕು.

ಮಹನೀಯರೇ, ಮೊದಲು ಹೇಳಿದ ನಮ್ಮ ಜಗುಲಿಗೆ ಹಿಂದಿರುಗುತ್ತೇವೆ. ನೆರೆಯ ವಲಯದಲ್ಲಿ ಬಂದ ಕರೆಗೆ ಹಣ ಕೊಡುವ ಪದ್ಧತಿಯು ಈಗಿಲ್ಲ. 2015ರಲ್ಲಿ ಬಿ.ಎಸ್.ಎನ್.ಎಲ್. ಅದನ್ನು ಕೈಬಿಟ್ಟಿತು, ಜಿಯೋ ಬಂದ ಮೇಲೆ, 2017ರ ಹೊತ್ತಿಗೆ, ಮಿಕ್ಕ ದೊಡ್ಡ ಕಂಪೆನಿಗಳೂ ಬಿಟ್ಟವು. ಗಡಿಯ ಜನರ ಮೇಲಿನ ಕರುಣೆಯಿಂದ ಹೀಗಾಗಲಿಲ್ಲ, ಸ್ಪರ್ಧೆಯು ಒತ್ತಿದುದರಿಂದ ಆಯಿತು. ಅದಕ್ಕೂ ಮೊದಲೇ ಯಾವುದಾದರೂ ಕಂಪೆನಿಯು ಗೂಡಲೂರಿನ ಒಬ್ಬ ತಾಯಿಯನ್ನು ಕೇಳಿದ್ದರೆ, "ನಮ್ಮ ವಲಯ ತಮಿಳುನಾಡೂ ಅಲ್ಲ, ಕರ್ನಾಟಕವೂ ಅಲ್ಲ, ಕೇರಳವೂ ಅಲ್ಲ, ನಮ್ಮ ಬಂಧುಬಳಗ ಎಲ್ಲೆಲ್ಲಿದೆಯೋ ಅದೇ ನಮ್ಮ ವಲಯ" ಎಂದು ಆಕೆ ಹೇಳುತ್ತಿದ್ದಳು. ಆ ಒಂದು ಮಾತನ್ನು ತನ್ನ ನಕ್ಷೆಗೆ ಸೇರಿಸಿದ ಕಂಪೆನಿಗೆ ಮೂರು ರಾಜ್ಯಗಳ ಗಡಿಯುದ್ದಕ್ಕೂ ಲಕ್ಷಾಂತರ ಮನೆಗಳು ಒಲಿಯುತ್ತಿದ್ದವು. ಅಂಚಿನಲ್ಲಿರುವವರಿಗೆ ಕಾಣುವುದು ನಡುವೆ ಕುಳಿತವರಿಗೆ ಕಾಣುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತದೆ.

ಕಂಪೆನಿಗಳನ್ನು ಇಷ್ಟೆಲ್ಲ ವಿಮರ್ಶಿಸಿದ ಮೇಲೆ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಡವೆ? ಕನ್ನಡ ತರಗತಿಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವರೆಂದು ಪ್ರತಿವರ್ಷವೂ ಇಂಥ ವೇದಿಕೆಗಳಲ್ಲಿ ನಾವು ಮರುಗುತ್ತೇವೆ. ಕಾರಣ ಕೇಳಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಾಣ. ಹಿರಿಯರು ಅಭಿಮಾನ ಸಾಲದೆನ್ನುತ್ತಾರೆ. ತಂದೆಯು ಇಂಗ್ಲಿಷಿಲ್ಲದೆ ಉದ್ಯೋಗವಿಲ್ಲವೆನ್ನುತ್ತಾನೆ. ಉಪಾಧ್ಯಾಯರು 2006ರ ತಮಿಳು ಕಲಿಕೆ ಕಾಯಿದೆಯನ್ನೂ ಪಠ್ಯಪುಸ್ತಕದ ಕೊರತೆಯನ್ನೂ ಹೇಳುತ್ತಾರೆ. ಬಸ್ಸು ತಪ್ಪಿದರೆ ಕಾಡುದಾರಿಯಲ್ಲಿ ಮಗು ಹೇಗೆ ಬರಬೇಕೆಂಬುದು ತಾಯಿಯ ಚಿಂತೆ. ಮಗುವನ್ನು ಯಾರೂ ಕೇಳಿಲ್ಲ. ತಮಿಳಾಗಲಿ ಇಂಗ್ಲಿಷಾಗಲಿ ನಮ್ಮ ಶತ್ರುವಲ್ಲ. ತಮಿಳು ನಮ್ಮ ನೆರೆಮನೆ, ನಮಗೆ ಅನ್ನ ಕೊಟ್ಟ ನಾಡಿನ ನುಡಿ. ಎದುರಾಳಿಯನ್ನು ತಪ್ಪಾಗಿ ಗುರುತಿಸಿದವರ ಗತಿ ಏನಾಯಿತೆಂಬುದನ್ನು ಈಗತಾನೆ ಕೇಳಿದಿರಿ. ತಪ್ಪಿದ ಬಸ್ಸೇ ನಮ್ಮ ಎದುರಾಳಿಯಾಗಿದ್ದರೆ, ಅಭಿಮಾನದ ಭಾಷಣದಿಂದ ಅದನ್ನು ಗೆಲ್ಲಲಾಗದು. ಒಂದು ಜೀಪಿನ ಏರ್ಪಾಡಿನಿಂದ ಗೆಲ್ಲಬಹುದು.

ಆದುದರಿಂದ ಸಂಘದವರ ಅಪ್ಪಣೆ ಪಡೆದು ಬಾಗಿಲ ಬಳಿಯ ಮೇಜಿನ ಮೇಲೆ ಕಾಗದದ ಚೀಟಿಗಳನ್ನು ಇರಿಸಿದ್ದೇವೆ. ಊಟಕ್ಕೆ ಹೋಗುವ ಮುನ್ನ ಮನೆಗೆ ಒಂದರಂತಲ್ಲ, ತಲೆಗೆ ಒಂದರಂತೆ ತೆಗೆದುಕೊಳ್ಳಿ. "ನಮ್ಮ ಮನೆಯಲ್ಲಿ ಕನ್ನಡ ಓದು ನಿಲ್ಲುವುದಾದರೆ ಏತರಿಂದ? ಉಳಿಯುವುದಾದರೆ ಏತರಿಂದ?" ಎಂಬುದಕ್ಕೆ ಒಂದೊಂದು ವಾಕ್ಯ ಬರೆಯಿರಿ. ಹೆಸರು ಬೇಡ. ಬರೆಯಲು ಬಾರದವರು ಹೇಳಿದರೆ ನಮ್ಮ ವಿದ್ಯಾರ್ಥಿಗಳು ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತಾರೆ. ಮಕ್ಕಳ ಚೀಟಿಗಳನ್ನು ದೊಡ್ಡವರು ತಿದ್ದಬಾರದು. ಕಾಗುಣಿತದ ತಪ್ಪನ್ನೂ ತಿದ್ದಬಾರದು. ಕನ್ನಡ ಪಂಡಿತರ ಬಾಯಲ್ಲಿ ಈ ಮಾತು ಬಂತೆಂದು ನಗಬೇಡಿ. ಇವತ್ತಿನ ಮಟ್ಟಿಗೆ ಮಾತ್ರ ಈ ರಿಯಾಯಿತಿ. ಎಲ್ಲ ಚೀಟಿಗಳನ್ನೂ ಒಂದು ದೊಡ್ಡ ಹಾಳೆಗೆ ಅಂಟಿಸಿ, ಬಾಣಗಳನ್ನೆಳೆದು, ಮುಂದಿನ ತಿಂಗಳ ಸಭೆಯಲ್ಲಿ ತಮ್ಮೆದುರಿಗೆ ಹರಡುತ್ತೇವೆ. ಅದರಲ್ಲಿ ಯಾವ ಚಕ್ರ ಕಾಣುವುದೋ ನಾವೂ ಅರಿಯೆವು. ಕಂಡುದನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಮಾತ್ರ ಎಲ್ಲರೂ ತರಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.

 ಸಿರಿಗನ್ನಡಂ ಗೆಲ್ಗೆ.